ರತ್ನಾಬಾಯಿಯ ಕಂಪ್ಯೂಟರ್ ಮತ್ತು ಹೆರಿಗೆ ಕೋಣೆಯ ದೀಪ

ಇಳಕಲ್ಲಿನ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಗೋವಿಂದಪ್ಪನ ರೇಡಿಯೊ ರಿಪೇರಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಹಿಂದೆ ಕೂತು ಅವನ ಹೆಂಡತಿ ರತ್ನಾಬಾಯಿ ಅರ್ಧ ರಿಪೇರಿ ಮಾಡುತ್ತಿದ್ದಳು ಎಂಬುದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಟೇಪ್ ರೆಕಾರ್ಡರಿನ ಸೂಕ್ಷ್ಮ ಬೆಸುಗೆಗಳೆಲ್ಲ ಅವಳ ಕೈಯವು. ನೇಕಾರರ ಮನೆಯ ಮಗಳು, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮುಂದೆ ಓದುವ ಆಸೆಯಿತ್ತು, ಆಗಲಿಲ್ಲ. ಅದನ್ನು ಯಾರ ಮುಂದೂ ಹೇಳಿಕೊಂಡವಳಲ್ಲ.

ಅವಳ ತಮ್ಮ ಹುಚ್ಚೇಶ ಮುಂಬೈಯಿಂದ ಹೊರಡುವ ಸರಕಿನ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ೧೯೮೬ರ ದೀಪಾವಳಿಗೆ ಬಂದಾಗ ಸಿಂಗಪುರದಿಂದ ಒಂದು ಕಂಪ್ಯೂಟರ್ ತಂದಿದ್ದ. ಟೈಪ್‌ರೈಟರಿನ ಕೀಲಿಗಳನ್ನಷ್ಟೇ ಬಿಡಿಸಿ ತಂದಂತಿದ್ದ ಸಣ್ಣ ಯಂತ್ರ. ಟಿವಿಗೆ ಜೋಡಿಸಿದರೆ ಅಕ್ಷರ ಮೂಡುತ್ತಿದ್ದವು. ಬರೆದದ್ದನ್ನು ಉಳಿಸಬೇಕಾದರೆ ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿಗೆ ತುಂಬಬೇಕು.

ಗೋವಿಂದಪ್ಪ ಅದನ್ನು ತಿರುಗಿಸಿ ನೋಡುತ್ತ, "ಇದರ ಹೊಟ್ಟಿಯೊಳಗ ಏನೈತಿ ನೋಡೂಣೇನು?" ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡ.

"ಬಿಚ್ಚಬ್ಯಾಡ್ರಿ ಮಾಮಾ," ಎಂದು ಹುಚ್ಚೇಶ ಅಡ್ಡ ಬಂದ. "ಇದು ನಿಮಗ ಅಲ್ಲ. ಅಕ್ಕಗ ತಂದೇನಿ."

ಅವತ್ತಿನಿಂದ ಅದು ರತ್ನಾಬಾಯಿಯದಾಯಿತು. ಮಧ್ಯಾಹ್ನ ಊಟದ ಭಾಂಡೆ ತಿಕ್ಕಿಟ್ಟು, ಇಂಗ್ಲಿಷಿನ ಕೈಪಿಡಿ ಒಂದು ಕಡೆ, ಶಬ್ದಕೋಶ ಇನ್ನೊಂದು ಕಡೆ ಇಟ್ಟುಕೊಂಡು ಕೂರುತ್ತಿದ್ದಳು. ಮೊದಲು ತನ್ನ ಹೆಸರು ಮೂಡಿಸಿದಳು. ಆಮೇಲೆ ಟಿವಿಯ ಪರದೆಯ ಮೇಲೆ ಒಂದು ಚುಕ್ಕೆ ಓಡಾಡಿಸಿದಳು. ತಪ್ಪಾದಾಗ ಯಂತ್ರ ತಪ್ಪಾಯಿತೆಂದಷ್ಟೇ ಹೇಳುತ್ತಿತ್ತು, ಬೇರೇನೂ ಅನ್ನುತ್ತಿರಲಿಲ್ಲ. ಅದು ಅವಳಿಗೆ ಬಹಳ ಹಿಡಿಸಿತು.

ಮರುವರ್ಷದ ಬೇಸಿಗೆಯಲ್ಲಿ ಗುರುಲಿಂಗವ್ವ ಅಂಗಡಿಗೆ ಬಂದಳು. ಹುನಗುಂದದಿಂದ ಕೂಡಲಸಂಗಮದ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಅವಳು ನರ್ಸು. ಅಲ್ಲಿ ಕರೆಂಟು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹೆರಿಗೆ ಕೋಣೆಗೆಂದು ಸರಕಾರದವರು ಸೋಲಾರ್ ದೀಪ ಹಾಕಿಸಿಕೊಟ್ಟಿದ್ದರು.

"ಹೆರಿಗಿ ನಡದಾಗs ದೀಪ ಮಂದ ಆಗತೈತ್ರಿ ಗೋವಿಂದಪ್ಪಾರ," ಅಂದಳು. "ಬ್ಯಾಟರಿ ಬದಲಿ ಮಾಡಿದ್ರು, ಹೊಸಾದೂ ಹಂಗs ಆತು. ಈಗ ಆಫೀಸಿನವರು ನನ್ನ ಮ್ಯಾಲೇ ಹೊರಸ್ಯಾರ. ನರ್ಸ್ ಬಾಯಾರು ದೀಪ ಸುಮ್ಮಸುಮ್ಮನ ಉರಸ್ತಾರ ಅಂತ."

ಪರದೆಯ ಹಿಂದಿದ್ದ ರತ್ನಾಬಾಯಿಯ ಕೈ ಕೆಲಸ ಬಿಟ್ಟು ನಿಂತಿತು.

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಆ ಊರಿಗೆ ಹೋದರು. ದೀಪ ಕೂರಿಸಿದ್ದ ಮೆಕ್ಯಾನಿಕ್ ದುರ್ಗಪ್ಪನೂ ಬಾಗಲಕೋಟೆಯಿಂದ ಬಂದಿದ್ದ. ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು, ಒಳಗೆ ಬ್ಯಾಟರಿ. ಅವೆರಡರ ನಡುವೆ, ಪಡುವಣ ಗೋಡೆಯ ಹೊರಗೆ, ತಗಡಿನ ಡಬ್ಬಿಯಲ್ಲಿ ಚಾರ್ಜ್ ಕಂಟ್ರೋಲರ್. ಬ್ಯಾಟರಿ ತುಂಬುತ್ತಿರುವಾಗ ಅದರೊಳಗೆ ಒಂದು ಕೆಂಪು ದೀಪ ಹತ್ತುತ್ತದೆ, ತುಂಬಿದ ಮೇಲೆ ಕಂಟ್ರೋಲರ್ ಚಾರ್ಜು ನಿಲ್ಲಿಸುತ್ತದೆ, ದೀಪವೂ ಆರುತ್ತದೆ.

"ನಾ ಯಾವಾಗ ಡಬ್ಬಿ ತಗದು ನೋಡಿದ್ರೂ ಕೆಂಪ ದೀಪ ಹತ್ತೇ ಇರತೈತ್ರಿ," ಎಂದ ದುರ್ಗಪ್ಪ. "ನನಗೂ ತಿಳೀವಲ್ದು."

ರತ್ನಾಬಾಯಿ ಮೆಲ್ಲಗೆ ಕೇಳಿದಳು, "ಡಬ್ಬಿ ಮುಚ್ಚಿದಾಗ?"

ಮುಚ್ಚಿದ ಡಬ್ಬಿಯೊಳಗೆ ನೋಡುವುದು ಹೇಗೆ?

"ನನ್ನ ಕಂಪ್ಯೂಟರ್ ನೋಡತೈತಿ," ಎಂದಳು. ಆಟ ಆಡುವ ಹಿಡಿಕೆ ಸಿಗಿಸಲು ಅದರ ಹಿಂದೆ ಒಂದು ಜಾಗವಿತ್ತು. ಕೆಂಪು ದೀಪದಿಂದ ಅಲ್ಲಿಗೆ ವೈರ್ ಎಳೆದರೆ, ದೀಪ ಹತ್ತಿದಾಗ ಯಾರೋ ಗುಂಡಿ ಒತ್ತಿದಂತೆ, ಆರಿದಾಗ ಬಿಟ್ಟಂತೆ ಯಂತ್ರಕ್ಕೆ ತಿಳಿಯುತ್ತದೆ. ಗೋವಿಂದಪ್ಪ ಹೆಂಡತಿಯ ಮುಖವನ್ನೇ ನೋಡಿದ. ಅವಳು ಹೊರಗಿನವರ ಮುಂದೆ ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ.

"ಹಂಗ ನೇರ ಕಟ್ಟಿದ್ರ ಯಂತ್ರ ಸುಟ್ಟುಹೋದೀತ್ರಿ," ಎಂದು ದುರ್ಗಪ್ಪ ಎಚ್ಚರಿಸಿದ. "ನಡುವ ಹಾಕಾಕ ಒಂದು ಸಾಮಾನು ಸಿಗತೈತಿ. ಬೆಂಗಳೂರಿಂದ ತರಸಬೇಕು."

"ಅಲ್ಲೀತನಕ ಬಾಯಾರು ಕಂದೀಲ ಹಿಡ್ಕೊಂಡು ಹೆರಿಗಿ ಮಾಡಸ್ಬೇಕೇನು? ನೇರನs ಕಟ್ರಿ. ಆದ್ರ ನಾ ಹೇಳೂತನಕ ಯಾರೂ ವೈರಿಗೆ ಕೈ ಹಚ್ಚಬ್ಯಾಡ್ರಿ," ಎಂದಳು ರತ್ನಾಬಾಯಿ.

ಮುಂದಿನ ವಾರ ಟೆಂಪೋದಲ್ಲಿ ಕಂಪ್ಯೂಟರ್, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಟಿವಿ, ಅವನ್ನು ನಡೆಸಲು ಒಂದು ಹಳೆಯ ಲಾರಿ ಬ್ಯಾಟರಿ ಎಲ್ಲ ಬಂದವು. ವೋಲ್ಟೇಜ್ ತಗ್ಗಿಸಲು ಗೋವಿಂದಪ್ಪ ಎರಡು ರೆಸಿಸ್ಟರ್ ಬೆಸೆದು ವೈರ್ ಎಳೆದ. ಡಬ್ಬಿ ಮುಚ್ಚಿದರು. ರತ್ನಾಬಾಯಿ ಕೀಲಿ ಒತ್ತಿದಳು. ದೀಪ ಹತ್ತಿದ್ದರೆ ಟಿವಿಯಲ್ಲಿ ಗೆರೆ ಮೇಲೆ ಹೋಗುತ್ತದೆ, ಆರಿದ್ದರೆ ಕೆಳಗೆ. ಅಷ್ಟೇ ಅವಳು ಬರೆದ ಪ್ರೋಗ್ರಾಮು.

ಬೆಳಿಗ್ಗೆಯಿಡೀ ಗೆರೆ ಮೇಲೆಯೇ ಸಾಗಿತು. ಬಿಸಿಲು ಪಡುವಣಕ್ಕೆ ತಿರುಗಿ ಗೋಡೆ ಕಾಯತೊಡಗಿದಾಗ ಅದು ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡಿತು. ಸ್ವಲ್ಪ ಹೊತ್ತಿಗೆ ಪೂರ್ತಿ ಕೆಳಗಿಳಿದು ಅಲ್ಲೇ ನಿಂತಿತು. ದುರ್ಗಪ್ಪ ಸೋಲಾರ್ ಬ್ಯಾಟರಿಗೆ ಮೀಟರ್ ಹಿಡಿದ. ಬ್ಯಾಟರಿ ಅರ್ಧವೂ ತುಂಬಿರಲಿಲ್ಲ.

"ಡಬ್ಬಿ ಮುಟ್ಟಿ ನೋಡ್ರಿ," ಎಂದಳು ರತ್ನಾಬಾಯಿ.

ತಗಡು ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಕಾವಿಗೆ ಕಂಟ್ರೋಲರ್ ಮೋಸ ಹೋಗಿ, ಬ್ಯಾಟರಿ ತುಂಬಿತೆಂದು ತಿಳಿದು, ಚಾರ್ಜು ನಿಲ್ಲಿಸುತ್ತಿತ್ತು. ನೋಡಲು ಬಂದವರು ಮುಚ್ಚಳ ತೆರೆದರೆ ಒಳಗೆ ಗಾಳಿ ಆಡುತ್ತಿತ್ತು, ನಿಂತವರ ನೆರಳು ಬೀಳುತ್ತಿತ್ತು, ದೀಪ ಮತ್ತೆ ಹತ್ತುತ್ತಿತ್ತು.

ಗುರುಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಂದೇನೂ ತಪ್ಪಿಲ್ಲಂತ ಆತಲ್ಲ, ಅಷ್ಟ ಸಾಕು."

ಗೋವಿಂದಪ್ಪನ ಹಿಗ್ಗು ಹಿಡಿಯಲಾರದಷ್ಟಿತ್ತು. "ಈಗಿಂದೀಗ ಡಬ್ಬಿ ಒಳಗ ಹಾಕೂಣು," ಎನ್ನುತ್ತ ಸೋಲಾರ್ ಬ್ಯಾಟರಿಯ ವೈರನ್ನು ಕಿತ್ತ. ಪ್ಲೇಟಿನ ವೈರು ಇನ್ನೂ ಹಾಗೇ ಇತ್ತು. ಬ್ಯಾಟರಿ ಇಲ್ಲದೆ ದಿಕ್ಕು ತಪ್ಪಿದ ಬಿಸಿಲಿನ ಕರೆಂಟು ನೇರ ಕಂಪ್ಯೂಟರಿಗೆ ನುಗ್ಗಿತು. ಟಿವಿಯ ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು.

ಕಂಟ್ರೋಲರ್ ಕೋಣೆಯೊಳಗಿನ ತಂಪು ಗೋಡೆಗೆ ಬಂತು. ದುರ್ಗಪ್ಪ ಆಫೀಸಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ, ಅವರು ಒಪ್ಪಿದರು. ಹೆರಿಗೆ ಕೋಣೆಯ ದೀಪ ಆಮೇಲೆ ಮಂದವಾಗಲಿಲ್ಲ. ಆದರೆ ಇಳಕಲ್ಲಿನಲ್ಲಿ ಗೋವಿಂದಪ್ಪ ದಿನವೂ ಆ ಯಂತ್ರ ಬಿಚ್ಚಿಕೊಂಡು ಕೂತ. ಸುಟ್ಟುಹೋದ ಚಿಪ್‌ಗೆ ಬದಲಿ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ರತ್ನಾಬಾಯಿ ಅಡುಗೆ ಮಾಡಿದಳು, ಬೆಸುಗೆ ಹಾಕಿದಳು, ಮಾತು ಮಾತ್ರ ಕಡಿಮೆ ಮಾಡಿದಳು.

ಒಂದು ದಿನ ಊಟಕ್ಕೆ ಕೂತಾಗ ಅವನೇ ಬಾಯಿ ಬಿಟ್ಟ. "ನಿನ್ನ ಯಂತ್ರ ಸುಟ್ಟೆ. ಬೈಯಾರ ಬೈ."

"ಸುಟ್ಟಿದ್ದಕ್ಕ ಸಿಟ್ಟಿಲ್ರಿ," ಎಂದಳು. "ಸುಟ್ಟೀತು ಅಂತ ತಿಳಿದs ಒಯ್ದಿದ್ದೆ. ಕೈ ಹಚ್ಚಬ್ಯಾಡ್ರಿ ಅಂದಿದ್ದೆ. ಕಿತ್ತೂ ಮುಂಚೆ ಒಂದು ಮಾತು ನನ್ನ ಕೇಳಲಿಲ್ಲ. ನಾ ಅಲ್ಲೇ ಕುಂತಿದ್ದೆ."

ಅವನು ಕ್ಷಮೆ ಕೇಳಲಿಲ್ಲ. ಅಂಥ ಮಾತು ಅವನ ಬಾಯಿಗೆ ಬರುವುದೇ ಕಷ್ಟ. ಆದರೆ ಆ ವಾರವೇ ಅಂಗಡಿಯಲ್ಲಿ ತನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಮೇಜು ಹಾಕಿಸಿದ. ನಡುವಿನ ಪರದೆ ಬಿಚ್ಚಿದ. ಕೆಲವು ಗಿರಾಕಿಗಳು ಮುಜುಗರಪಟ್ಟರು, ಒಬ್ಬಿಬ್ಬರು ಬೇರೆ ಅಂಗಡಿ ಹುಡುಕಿಕೊಂಡರು. ಉಳಿದವರು ತಮ್ಮ ಟೇಪ್ ರೆಕಾರ್ಡರನ್ನು ಸೀದಾ ಅವಳ ಮೇಜಿನ ಮೇಲೆ ಇಡುವುದನ್ನು ರೂಢಿ ಮಾಡಿಕೊಂಡರು.

ಹುಚ್ಚೇಶ ಇನ್ನೊಂದು ಕಂಪ್ಯೂಟರ್ ತರಲಿಲ್ಲ, ಅವಳೂ ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಗುರುಲಿಂಗವ್ವ ಹೇಳಿ ಕಳಿಸಿದಳು, ಪಕ್ಕದ ಊರಿನ ದವಾಖಾನೆಗೂ ಸೋಲಾರ್ ಬಂದಿದೆ, ಡಬ್ಬಿಯನ್ನು ಎಲ್ಲಿ ಕೂರಿಸಬೇಕೆಂದು ಬಂದು ನೋಡಬೇಕಂತೆ.

ರತ್ನಾಬಾಯಿ ಮೀಟರನ್ನು ಚೀಲಕ್ಕೆ ಹಾಕಿಕೊಂಡಳು.

"ನಾನೂ ಬರ್ಲೇನು?" ಎಂದು ಗೋವಿಂದಪ್ಪ ಕೇಳಿದ.

ಅವಳು ಚೀಲ ಹೆಗಲಿಗೇರಿಸಿದಳು. "ಬ್ಯಾಡ್ರಿ. ಅಂಗಡಿ ನೋಡ್ಕೊಳ್ರಿ. ಸಂಜೀಕ ಬರ್ತೇನಿ."

ಹುನಗುಂದದ ಬಸ್ಸು ಬರುವವರೆಗೆ ಅವನು ಅವಳ ಜೊತೆ ನಿಲ್ದಾಣದಲ್ಲಿ ನಿಂತಿದ್ದ.