ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ

ಗೆಳೆಯರೇ, ಇವತ್ತು ಶಹಾಪುರದ ಲೈಬ್ರರಿಗೆ ಎರಡು ಚೀಲ ಪುಸ್ತಕ ಕೊಟ್ಟು ಬಂದೆ. ಎಲ್ಲವೂ ಕೆಎಎಸ್ ಪರೀಕ್ಷೆಯವು. ನಾನು ಹನ್ನೊಂದು ವರ್ಷದಿಂದ ಪ್ರಾಥಮಿಕ ಶಾಲೆಯ ಮಾಸ್ತರ. ಅಷ್ಟೂ ವರ್ಷ ಮೇಲಿನ ಹುದ್ದೆಗೆಂದು ಓದುತ್ತಲೇ ಇದ್ದೆ.

ಲೈಬ್ರರಿಯ ಶರಣಪ್ಪನವರು ಪ್ರತಿ ಪುಸ್ತಕದ ಮೇಲೂ ನನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದರು.

“ಪೆನ್ಸಿಲ್ ಯಾಕ್ರಿ?”

“ಹೊಸಾ ನೋಟಿಫಿಕೇಶನ್ ಬಂತಂದ್ರ ಕೊಟ್ಟವರೆಲ್ಲಾ ವಾಪಸ್ ಒಯ್ಯಾಕ ಬರ್ತಾರ್ರಿ ಸರ್. ಹೆಸರು ಅಳಸಾಕ ಸಲೀಸಾಗ್ತದ.”

“ನಾ ಬರಂಗಿಲ್ರಿ. ನಾಲ್ಕನೇ ಕ್ಲಾಸಿನ ಹುಡುಗ್ರಿಗೆ ಲೆಕ್ಕ ಕಲಿಸೋದು ನನಗ ಭಾಳ ಸೇರ್ತದ. ಸಂಜಿಗೆ ಮಗಳ ಜೋಡಿ ಚೌಕಾಬಾರಾ ಆಡ್ತೀನಿ. ಅಷ್ಟು ಸಾಕು.”

ಶರಣಪ್ಪನವರು ಬರೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು: “ಸರ್, ತಬಿಯತ್ ಆರಾಮ ಅದ ಅಲ್ರಿ?”

“ಹನ್ನೊಂದು ವರ್ಷದಾಗ ಇವತ್ತೇ ಆರಾಮ ಅದ್ರಿ. ಪೆನ್ ತಗೋರಿ.”

ತೆಗೆದುಕೊಂಡರು. ಆದರೆ ಹೆಸರಿನ ಪಕ್ಕದಲ್ಲಿ ನನ್ನ ಫೋನ್ ನಂಬರನ್ನೂ ಬರೆದುಕೊಂಡರು. ನೋಟಿಫಿಕೇಶನ್ ಬಂದರೆ ತಿಳಿಸುತ್ತಾರಂತೆ.

ತಿಳಿಸಲಿ. ಸಂಜೆ ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ. ಅಪ್ಪ ಸೋಲುತ್ತಿದ್ದಾನೆ, ಆಮೇಲೆ ಮಾಡಿ ಎನ್ನುತ್ತಾಳೆ.