ಕೈತೂಕ

ಕಲಘಟಗಿಯ ತರಬೇತಿಯಲ್ಲಿ ಊಟವಾದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ‘ನಿಮ್ಮ ಸಲುವಾಗಿ ನೀವು ದಿನಾ ಏನು ಮಾಡಿಕೊಳ್ಳುತ್ತೀರಿ, ಬರೆಯಿರಿ’ ಎಂದರು. ಸಭಾಂಗಣದ ತುಂಬ ನಾವು ಅಂಗನವಾಡಿ ಕಾರ್ಯಕರ್ತೆಯರೇ. ನಾನು ತಡಮಾಡದೆ ‘ಮುಂಜಾನೆ ಅರ್ಧ ತಾಸು ಯೋಗ’ ಎಂದು ಬರೆದೆ. ಶುದ್ಧ ಸುಳ್ಳು. ಮುಂಜಾನೆ ನಿಂತುಕೊಂಡೇ ಚಹಾ ಕುಡಿದು, ನೋಯುವ ಮೊಣಕಾಲು ಎಳೆದುಕೊಂಡು ಬಸ್ಸು ಹಿಡಿಯುವವಳು ನಾನು. ಡಾಕ್ಟರು ಬಿ.ಪಿ. ಗುಳಿಗೆ ಬರೆದುಕೊಟ್ಟ ಚೀಟಿ ಪರ್ಸಿನಲ್ಲೇ ಮಾಸಿಹೋಗಿತ್ತು.

ಪಕ್ಕದಲ್ಲಿ ಕುಳಿತವಳು ಹೊಸಬಳು. ದುಮ್ಮವಾಡದ ಆಚೆಯ ಒಂದು ಹಳ್ಳಿಯ ಅಂಗನವಾಡಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಬರೆದದ್ದನ್ನು ಎಲ್ಲರ ಮುಂದೆ ಓದಿದರು: ‘ಏನೂ ಮಾಡೂದಿಲ್ಲ. ಒಮ್ಮೊಮ್ಮಿ ಬಚ್ಚಲದಾಗ ಹೋಗಿ ಅಳತೀನಿ.’ ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ.

ಆಮೇಲೆ ಮೇಲ್ವಿಚಾರಕಿ ಮೇಡಂ ಮಕ್ಕಳ ತೂಕದ ಕಾರ್ಡುಗಳನ್ನು ತೆಗೆದರು. ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ತೂಗಿ ಅದರಲ್ಲಿ ಗೆರೆ ಎಳೆಯಬೇಕು. ಗೆರೆ ಹಸಿರು ಪಟ್ಟಿಯಲ್ಲಿದ್ದರೆ ಮಗು ಚೆನ್ನಾಗಿದೆ, ಹಳದಿಗೆ ಇಳಿದರೆ ಎಚ್ಚರ, ಕೆಂಪಾದರೆ ದವಾಖಾನೆ. ಮೇಡಂ ಒಂದು ಕೈಯಲ್ಲಿ ನನ್ನ ಅಂಗನವಾಡಿಯ ಕಾರ್ಡುಗಳನ್ನು, ಇನ್ನೊಂದರಲ್ಲಿ ಹೊಸಬಳವನ್ನು ಹಿಡಿದರು. ನನ್ನ ಗೆರೆಗಳೆಲ್ಲ ಮೇಲೇರುತ್ತಿದ್ದವು. ಅವಳವುಗಳಲ್ಲಿ ಏರು, ಇಳಿವು, ಮತ್ತೆ ಇಳಿವು.

“ಈ ಹುಡುಗಿದು ಎರಡು ತಿಂಗಳಾತು ಇಳ್ಯಾಕತ್ತೇತಿ. ಏನ್ ಮಾಡ್ತೀರಿ ಅಲ್ಲಿ ಕುಂತು?” ಎಂದು ಒಂದು ಕಾರ್ಡು ತೋರಿಸಿ ಅವಳನ್ನು ಕೇಳಿದರು.

“ತಮ್ಮ ಹುಟ್ಟಿದಾಗಿಂದ ಸರಿಯಾಗಿ ಉಣವಲ್ದರಿ. ದಿನಾ ಮನೀಗೆ ಹೋಗಿ ಕರಕೊಂಡು ಬಂದು ತತ್ತಿ ತಿನಿಸ್ತೀನ್ರಿ.”

“ಈ ಅಕ್ಕಾರನ್ನ ನೋಡಿ ಕಲೀರಿ. ಒಂದಿನ ಅವರ ಅಂಗನವಾಡಿಗೆ ಹೋಗಿ ಬರ್ರಿ.”

ನನಗೆ ಎರಡು ಕೋಡು ಮೂಡಿದವು. ಆದರೆ ಆ ಗೆರೆಗಳನ್ನು ನಾನು ತೂಗಿ ಎಳೆದಿರಲಿಲ್ಲ.

ಯರಗುಪ್ಪಿ ಕಡೆಯವಳಾದ ನಮ್ಮವ್ವ ಮೊರದಲ್ಲಿ ಜೋಳ ಎತ್ತಿ ಇಷ್ಟು ಸೇರು ಎಂದರೆ ಅಳೆದಾಗಲೂ ಅಷ್ಟೇ ಇರುತ್ತಿತ್ತು. ಆ ಕೈ ನನಗೂ ಬಂದಿದೆ ಎಂಬ ಸೊಕ್ಕು ನನಗೆ. ತೂಗುವ ಕೆಲಸ ಸಣ್ಣದಲ್ಲ. ತೊಲೆಯ ಕೊಕ್ಕೆಗೆ ಮುಳ್ಳಿನ ತಕ್ಕಡಿ ಸಿಗಿಸಬೇಕು, ಅದರ ಜೋಳಿಗೆಯಲ್ಲಿ ಮಗುವನ್ನು ಕೂರಿಸಬೇಕು, ಅದು ಕಾಲು ಒದೆಯುವುದು ನಿಲ್ಲಿಸುವ ತನಕ ಕಾಯಬೇಕು. ಕುರ್ಚಿ ಹತ್ತಿ ಇಳಿದರೆ ಮೊಣಕಾಲು ಜೀವ ತೆಗೆಯುತ್ತಿತ್ತು. ಒಂದು ತಿಂಗಳು ಸಾಕಾಗಿ, ಒಂದು ಕೂಸನ್ನು ಕಂಕುಳಿಗೆ ಎತ್ತಿಕೊಂಡು ತೂಕ ಹೇಳಿಬಿಟ್ಟೆ. ಆಮೇಲೆ ತಕ್ಕಡಿಯಲ್ಲಿ ನೋಡಿದರೆ ಸರಿಯಾಗಿಯೇ ಇತ್ತು. ಮುಂದಿನ ತಿಂಗಳು ತಕ್ಕಡಿ ಕಪಾಟಿನ ಮೇಲೆ ಹೋಯಿತು. ತಾಯಂದಿರು ಸಾಲುಗಟ್ಟಿ “ನಮ್ಮದನ್ನೂ ಎತ್ತಿ ಹೇಳ್ರಿ ಅಕ್ಕಾರ” ಎನ್ನುತ್ತಿದ್ದರು. ಇಳಿದಿದೆ ಎಂದರೆ ಅವರ ಮುಖ ಬಾಡುತ್ತದೆ, ಮೇಡಂ ಬೈಯುತ್ತಾರೆ. ಹಾಗಾಗಿ ನನ್ನ ಕೈಯಲ್ಲಿ ಎಲ್ಲ ಮಕ್ಕಳೂ ತಿಂಗಳಿಗಿಷ್ಟು ಏರುತ್ತಲೇ ಹೋದರು.

ಹೊಸಬಳು ಬರುವ ದಿನ ನಾನು ತಕ್ಕಡಿ ಇಳಿಸಿ, ದೂಳು ಒರೆಸಿ, ಕೊಕ್ಕೆಗೆ ಹಾಕಿದೆ. ಅವಳು ಬಂದು ಕುಳಿತಳು. ಮಕ್ಕಳು ತಕ್ಕಡಿ ನೋಡಿ ಕಿರುಚತೊಡಗಿದವು. ಅಡುಗೆ ಮಾಡುತ್ತಿದ್ದ ನಮ್ಮ ಸಹಾಯಕಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಇದನ್ಯಾಕ ತಗದ್ರಿ ಅಕ್ಕಾರ? ಯಾವಾಗ್ಲೂ ನೀವು ಎತ್ತೇ ಹೇಳ್ತೀರಲ್ಲ?”

ಸುಡುಗಾಡು ಬಾಯಿ. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ಯ ಹೇಳಿದ್ದಕ್ಕೇ ಬಂದ ಸಿಟ್ಟದು. ಹೊಸಬಳು ನನ್ನ ಮುಖ ನೋಡಿದಳು.

“ಕೈಲೇ ಗೊತ್ತಾಗತೇತೇನ್ರಿ? ತಪ್ಪೂದಿಲ್ಲ?”

ಆಗ ಹೇಳಬಹುದಿತ್ತು. ಒಂದೇ ಮಾತು. ನಾನು ನಕ್ಕು, “ಹತ್ತೊಂಬತ್ತು ವರ್ಷದ ಕೈ ತಂಗಿ ಇದು. ಬರ್ತಾ ಬರ್ತಾ ನಿನಗೂ ಬರತೇತಿ” ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಒಂದು ಮಗುವನ್ನು ಅವಳ ಕೈಗೆ ಕೊಟ್ಟು ತೂಕ ಹೇಳಿಸಿದೆ. ಅವಳು ಅಂದಾಜಿನ ಮೇಲೆ ಹೇಳಿದಳು. ನಾನು ಚಪ್ಪಾಳೆ ತಟ್ಟಿದೆ. ಹೋಗುವಾಗ ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು.

ಮೂರು ತಿಂಗಳ ಮೇಲೆ ಮತ್ತೆ ಸಭೆ. ಮೇಡಂ ಅವಳ ಕಾರ್ಡುಗಳನ್ನು ಎತ್ತಿ ಹಿಡಿದು, ನೋಡಿರಿ, ಹೇಗೆ ಸುಧಾರಿಸಿದ್ದಾಳೆ ಎಂದರು. ಗೆರೆಗಳೆಲ್ಲ ಮೇಲಕ್ಕೇ ಏರುತ್ತಿದ್ದವು, ಥೇಟ್ ನನ್ನವೇ. ಅವಳು ನನ್ನ ಕಡೆ ತಿರುಗಿ ನಕ್ಕಳು. ಬಸ್ ನಿಲ್ದಾಣದಲ್ಲಿ ಓಡಿ ಬಂದು ಒಂದು ಪೊಟ್ಟಣ ಪೇಡೆ ನನ್ನ ಕೈಯಲ್ಲಿಟ್ಟಳು.

“ಎಲ್ಲಾ ನೀವು ಕಲಿಸಿದ್ದರಿ. ಈಗ ಬೈಸಿಕೊಳ್ಳೂದಿಲ್ಲ, ಅಳೂದೂ ಇಲ್ಲ.”

“ಆ ಹುಡುಗಿ ಹೆಂಗದಾಳ? ತಮ್ಮ ಹುಟ್ಟ್ಯಾನಂದಿದ್ದಿ?”

“ಏರ್‍ಯಾಳ್ರಿ. ಹನ್ನೊಂದು ಕೇಜಿ ಆಗ್ಯಾಳ. ಅದಕ್ಕ ಮನೀಗೆ ಹೋಗೂದು ಬಿಟ್ಟೀನಿ.”

“ತೂಗಿದಿ?”

ಅವಳ ನಗು ಅರ್ಧಕ್ಕೆ ನಿಂತಿತು. “ಎತ್ತಿ ನೋಡಿದೆ... ನಿಮ್ಮಂಗ.”

ಜನ ಓಡಾಡುವಲ್ಲಿ ನಿಂತೇ ಹೇಳಿದೆ. ನನ್ನ ಕೈಗೆ ಏನೂ ಗೊತ್ತಾಗುವುದಿಲ್ಲ, ನಾನು ಬರೆದದ್ದೆಲ್ಲ ಬೈಗುಳ ತಪ್ಪಿಸಿಕೊಳ್ಳಲಿಕ್ಕೆ, ಅವತ್ತು ನಿನ್ನೆದುರಿಗೆ ಮಾನ ಉಳಿಸಿಕೊಳ್ಳಲಿಕ್ಕೆ ಸುಳ್ಳು ಹೇಳಿದೆ ಎಂದೆ. ಯೋಗವೂ ಸುಳ್ಳು ಎಂದೆ. ಅದು ಯಾರಿಗೆ ಬೇಕಾಗಿತ್ತೋ, ಬಾಯಿಗೆ ಬಂತು.

ಅವಳು ಅಳಲಿಲ್ಲ. “ಅವತ್ತ ಯಾಕ ಹೇಳಲಿಲ್ರಿ?” ಎಂದಳು. ನಾನೂ ಅವಳ ಊರಿನ ಬಸ್ಸನ್ನೇ ಹತ್ತಿದೆ. ದಾರಿಯುದ್ದಕ್ಕೂ ಪೇಡೆ ಪೊಟ್ಟಣ ನನ್ನ ತೊಡೆಯ ಮೇಲೇ ಇತ್ತು.

ಹುಡುಗಿಯನ್ನು ಅವಳ ಅಜ್ಜಿ ಅಂಗನವಾಡಿಗೆ ಎತ್ತಿಕೊಂಡು ಬಂದಳು. ಮೂರು ವರ್ಷದ ಮಗು. ಜೋಳಿಗೆಯಲ್ಲಿ ಕೂರಿಸಿದರೆ ಅಳಲೂ ಇಲ್ಲ, ಕಾಲು ಒದೆಯಲೂ ಇಲ್ಲ. ಮುಳ್ಳು ಅಲುಗಾಡದೆ ಒಂಬತ್ತೂವರೆ ಕೇಜಿಗೆ ನಿಂತಿತು. ಹೊಸಬಳು ತಕ್ಕಡಿಯಲ್ಲಿ ತೂಗಿದ್ದ ಕೊನೆಯ ತಿಂಗಳಲ್ಲಿ ಹತ್ತು ಕೇಜಿ ನಾನೂರು ಗ್ರಾಂ ಇತ್ತು.

“ಪೂರಾ ಮೂರು ತಿಂಗಳು ನಾ ಇಕಿ ಮನೀಗೆ ಹೋಗಿಲ್ಲ,” ಎಂದಳು. ಕಾರ್ಡು, ಪೆನ್ನು ನನ್ನ ಮುಂದೆ ಚಾಚಿದಳು. “ನೀವ ಬರೀರಿ.”

ಬರೆದೆ. ಹನ್ನೊಂದರಿಂದ ಕೆಳಗೆ, ಹಳದಿ ದಾಟಿ ಕೆಂಪಿನೊಳಗೆ. ಗೆರೆ ಕೆಳಗೆಳೆದು ಎಷ್ಟು ವರ್ಷವಾಗಿತ್ತೋ, ಅದು ಸೊಟ್ಟಗಾಯಿತು. ಅಜ್ಜಿ ನಮ್ಮಿಬ್ಬರ ಮುಖ ನೋಡಿ “ಏನಾಗೇತ್ರಿ ಅಕ್ಕಾರ?” ಎಂದು ಕೇಳಿದಳು. ಹೊಸಬಳೇ ಉತ್ತರ ಕೊಟ್ಟಳು.

ಹುಡುಗಿಯನ್ನು ಹುಬ್ಬಳ್ಳಿಯ ದವಾಖಾನೆಯಲ್ಲಿ ಎರಡು ವಾರ ಇಟ್ಟುಕೊಂಡರು. ಉಳಿದಳು, ಈಗ ಓಡಾಡುತ್ತಾಳೆ. ಅವಳನ್ನು ತೂಗಿದ ಮರುದಿನವೇ ನಾನು ನಮ್ಮ ಮಕ್ಕಳನ್ನೆಲ್ಲ ತೂಗಿದೆ. ನಾಲ್ಕು ಮಕ್ಕಳ ಗೆರೆ ಕೆಳಗಿಳಿಯಿತು. ಕಾರ್ಡುಗಳನ್ನು ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಬೈದರು. ಬೈಯಬೇಕಾದದ್ದೇ. ಆಮೇಲೆ ಡಾಕ್ಟರಿಗೆ ಮೊಣಕಾಲು ತೋರಿಸಿದೆ, ಬಿ.ಪಿ. ಗುಳಿಗೆ ತಂದೆ. ಕುರ್ಚಿ ಹತ್ತುವ ಕೆಲಸ ಸಹಾಯಕಿ ಮಾಡುತ್ತಾಳೆ. ಇಷ್ಟು ಸರಳ ಇತ್ತು, ಬಾಯಿಬಿಟ್ಟು ಕೇಳಿದ್ದರೆ.

ಹೊಸಬಳು ತಿಂಗಳಿಗೊಮ್ಮೆ ನನ್ನ ಫೋನಿಗೆ ಒಂದು ಫೋಟೋ ಕಳಿಸುತ್ತಾಳೆ. ಆ ಹುಡುಗಿ ಜೋಳಿಗೆಯಲ್ಲಿ ಕುಳಿತಿರುತ್ತಾಳೆ, ಮೇಲೆ ತಕ್ಕಡಿಯ ಮುಳ್ಳು. ಕೆಳಗೆ ಒಂದಕ್ಷರವೂ ಇರುವುದಿಲ್ಲ. ಮೊದಲೆಲ್ಲ ‘ಅಕ್ಕಾರ’ ಎಂದು ಬರೆಯದೆ ಅವಳು ನನಗೆ ಏನನ್ನೂ ಕಳಿಸುತ್ತಿರಲಿಲ್ಲ.