ಕೊಕ್ಕೆಯಿಲ್ಲದ ಗಾಳ

ಕುಡಿತ ಬಿಡಿಸುವ ಕೇಂದ್ರದಿಂದ ನನ್ನ ತಮ್ಮ ಎರಡನೆಯ ಸಲ ಹೊರಬಂದಾಗ ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು. ಸಂಜೆ ಐದರಿಂದ ಎಂಟರವರೆಗೆ ಇವರ ಕೈಗೆ ಏನಾದರೂ ಕೆಲಸ ಇರಲಿ ಅಂದರು. ಕೆಲಸ ಹಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ಸಿಕಂದರಾಬಾದಿನ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದು ಜನರಿಗೆ ಕೆಲಸ ಹಂಚಿ, ಸಂಜೆ ಆಯಿತೋ ಇಲ್ಲವೋ ಎಂದು ಬೆನ್ನು ಹತ್ತುವವಳು ನಾನು. ಅಪ್ಪ ಅವ್ವ ಬೇಗ ಹೋದರು, ನಾನು ಮದುವೆಯಾಗಲಿಲ್ಲ. ತಮ್ಮನನ್ನು ಓದಿಸಿದವಳು, ಅವನಿಗೆ ಹೆಣ್ಣು ನೋಡಿದವಳು, ಅವನು ಕುಡಿಯುವುದನ್ನು ಮೊದಲು ಪತ್ತೆ ಹಚ್ಚಿದವಳು, ಎಲ್ಲ ನಾನೇ.

ಅಷ್ಟರಲ್ಲಾಗಲೇ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬೀದರಿನ ತವರಿಗೆ ಹೋಗಿದ್ದಳು. ಹೋಗುವಾಗ ಅವಳು ಮಾತಾಡಿದ್ದು ಗಂಡನ ಜೊತೆಗಲ್ಲ, ನನ್ನ ಜೊತೆ. "ಆರು ತಿಂಗಳು ಕುಡೀದೆ ಇದ್ರ ನೀವು ಫೋನ್ ಮಾಡ್ರಿ ಅಕ್ಕಾರ. ನೀವು ಬಾ ಅಂದ್ರ ಬರ್ತೀನಿ. ಅವರ ಮಾತು ನಾ ನಂಬಂಗಿಲ್ಲ." ಹೀಗೆ ನನ್ನ ತಮ್ಮನ ಸಂಸಾರ ನನ್ನ ಒಂದು ಮಾತಿನ ಮೇಲೆ ಬಂದು ನಿಂತಿತು. ಸುಳ್ಳೇಕೆ ಹೇಳಲಿ, ಆಗ ಅದು ಭಾರ ಅನ್ನಿಸಲಿಲ್ಲ. ಒಳಗೊಳಗೇ ಹೆಮ್ಮೆಯಾಗಿತ್ತು.

ಉಪ್ಪಲ್‌ನ ನನ್ನ ಮನೆಗೇ ಅವನನ್ನು ಕರೆತಂದೆ. ಕುಂಡದಲ್ಲಿ ಗಿಡ ಬೆಳೆಸು, ಲೈಬ್ರರಿಗೆ ಹೋಗು, ಚೆಸ್ ಕಲಿ ಎಂದೆಲ್ಲ ಹೇಳಿದೆ. ಎಲ್ಲದಕ್ಕೂ ಹೂಂ ಅಂದ, ಯಾವುದನ್ನೂ ಮಾಡಲಿಲ್ಲ. ನಿನಗೇನು ಬೇಕು ಹೇಳು ಮಾರಾಯ ಎಂದು ರೇಗಿದಾಗ, ಮೀನು ಹಿಡಿಯಬೇಕು ಅಂದ. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಇಬ್ಬರ ಕೊರಳಲ್ಲೂ ಲಿಂಗವಿತ್ತು. ಚಿಕ್ಕವನಿದ್ದಾಗ ನಮ್ಮೂರಿನ ಮಾಂಜ್ರಾ ಹೊಳೆಯ ದಂಡೆಯಲ್ಲಿ ಗಾಳ ಹಾಕುವವರ ಪಕ್ಕ ಇವನು ಗಂಟೆಗಟ್ಟಲೆ ಕೂತಿರುತ್ತಿದ್ದ. ಹುಡುಕಿಕೊಂಡು ಹೋಗಿ, ಕಿವಿ ಹಿಡಿದು ಎಳೆತಂದವಳು ನಾನೇ. ಅಷ್ಟು ವರ್ಷ ಆ ಆಸೆ ಅವನ ಹೊಟ್ಟೆಯಲ್ಲಿ ಹಾಗೇ ಇತ್ತು ಎಂದು ನನಗೆ ಗೊತ್ತಿರಲಿಲ್ಲ.

ಎರಡು ದಿನ ಯೋಚಿಸಿ ಒಪ್ಪಿದೆ, ಷರತ್ತು ಹಾಕಿ. ಗಾಳ ಹಾಕು, ಆದರೆ ಕೊಕ್ಕೆ ಕಟ್ಟುವಂತಿಲ್ಲ. ನಮ್ಮ ಕೈಯಿಂದ ಒಂದು ಜೀವ ಹೋಗಬಾರದು. ಅವನು ನನ್ನ ಮುಖವನ್ನೇ ನೋಡಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಆಗಲಿ ಅಕ್ಕಾ ಅಂದ.

ಹಳೇ ಪೇಟೆಯ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಬಿಳಿಗಡ್ಡದ ಹಿರಿಯರು. ನಿಂತ ನೀರೋ ಹರಿಯುವ ನೀರೋ, ದಂಡೆ ಎತ್ತರವೋ ತಗ್ಗೋ, ಎಂಥ ಮೀನು ಬೇಕು ಎಂದು ಉರ್ದುವಿನಲ್ಲಿ ಒಂದೊಂದಾಗಿ ಕೇಳಿದರು. ಉತ್ತರ ನಾನೇ ಕೊಟ್ಟೆ. ಏಳಡಿಯ, ಒಂದರೊಳಗೊಂದು ಮಡಚುವ ರಾಡು. ಅದಕ್ಕೆ ಹೊಂದುವ ಸಣ್ಣ ರೀಲು. ತೀರಾ ದಪ್ಪವೂ ಅಲ್ಲದ ತೆಳುವೂ ಅಲ್ಲದ ನೈಲಾನ್ ದಾರ. ನೀರಿನ ಮೇಲೆ ನಿಲ್ಲುವ ಕೆಂಪು ಬೆಂಡು. ಅದನ್ನು ನೆಟ್ಟಗೆ ನಿಲ್ಲಿಸಲು ಸೀಸದ ಸಣ್ಣ ಗುಂಡುಗಳು. ಹೊಸಬರಿಗೆ ಉದ್ದದ ರಾಡು ಬೇಡ, ಕೈ ಸೋಲುತ್ತದೆ ಅಂದರು. ತಮ್ಮ ಒಂದೊಂದು ರಾಡನ್ನೂ ಹಿಡಿದು, ತುದಿ ಬಾಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಗ ಅವನ ಬೆರಳು ನಡುಗುತ್ತಿರಲಿಲ್ಲ. ಕೊನೆಗೆ ಅವರು ಕೊಕ್ಕೆಗಳ ಡಬ್ಬಿ ತೆಗೆದಿಟ್ಟರು. ಅದು ಬೇಡ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಕೊಕ್ಕೆಯಿಲ್ಲದೆ ಏನು ಮಾಡುತ್ತೀರಿ ಎಂದು ತಮ್ಮನನ್ನು ಕೇಳಿದರು. ಅವನು ನೆಲ ನೋಡಿದ.

ಉಪ್ಪಲ್ ದಾಟಿ ಆಚೆ ಒಂದು ಕೆರೆಯಿದೆ. ಒಂದು ಮಗ್ಗುಲಲ್ಲಿ ನೊರೆ, ಇನ್ನೊಂದರಲ್ಲಿ ಅಂತರಗಂಗೆ, ನಡುವೆ ಅಷ್ಟಿಷ್ಟು ನೀರು. ಮೊದಲ ವಾರ ನಾವು ಮಾಡಿದ್ದನ್ನು ನೋಡಿ ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ರೀಲಿಗೆ ದಾರ ಸುತ್ತುವಾಗ ಬಿಗಿ ಹಿಡಿಯಬೇಕೆಂದು ತಿಳಿಯದೆ ಸಡಿಲ ಸುತ್ತಿದ್ದೆವು. ಎಸೆದ ಕೂಡಲೇ ಅದು ಸಿಕ್ಕು ಸಿಕ್ಕಾಗಿ ಹೊರಗೆ ಬಂತು. ಎರಡನೆಯ ಸಲ ಎಸೆದದ್ದು ಹಿಂದಿನ ಜಾಲಿ ಗಿಡಕ್ಕೆ ಹೋಯಿತು. ಮೀನಿಗೆಂದು ನಾನು ಜೋಳದ ಹಿಟ್ಟು ನಾದಿದ್ದೆ, ರೊಟ್ಟಿಗೆ ನಾದುವ ಹಾಗೆಯೇ ಬಿಸಿನೀರು ಹಾಕಿ. ನೀರಿಗೆ ಬಿದ್ದ ಕ್ಷಣ ಅದು ಪುಡಿಪುಡಿಯಾಗಿ ಕರಗಿತು. ಪಕ್ಕದಲ್ಲಿ ಕೂರುತ್ತಿದ್ದ ಮುದುಕರೊಬ್ಬರು, ಹಿಂದೆ ಲಾರಿ ಮೆಕ್ಯಾನಿಕ್ ಆಗಿದ್ದವರು, ಗೋಧಿ ಹಿಟ್ಟು ಕಲಸಿ ತನ್ನಿ ಎಂದರು. ಗಂಟನ್ನು ಎಳೆದು ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಬೇಕು, ಇಲ್ಲವಾದರೆ ದಾರ ಸುಟ್ಟಂತಾಗಿ ಅಲ್ಲೇ ತುಂಡಾಗುತ್ತದೆ ಎಂದು ಕಲಿಸಿದವರೂ ಅವರೇ. ದಾರದ ತುದಿಯಲ್ಲಿ ನಾವು ಕಟ್ಟಿದ್ದು ನನ್ನ ಹಳೇ ಸರದ ಒಂದು ಮಣಿಯನ್ನು. ಅದರ ಸುತ್ತ ಹಿಟ್ಟು ಮೆತ್ತುತ್ತಿದ್ದೆವು. ಅದನ್ನು ನೋಡಿ ಮುದುಕರು ಬೀಡಿ ಹಚ್ಚಿ ಆಚೆ ತಿರುಗಿದರು.

ಬೆಂಡು ಅಲುಗುತ್ತಿತ್ತು, ಮುಳುಗುತ್ತಿತ್ತು, ತಮ್ಮ ರಾಡು ಎತ್ತುತ್ತಿದ್ದ, ಖಾಲಿ ಮಣಿ ಮೇಲೆ ಬರುತ್ತಿತ್ತು. ದಿನವೂ ಇದೇ. ನನಗೆ ಅದು ಭಾಳ ಚಂದ ಅನ್ನಿಸಿತ್ತು. ಮೀನಿಗೂ ಊಟ, ನಮಗೂ ಹೊತ್ತು ಹೋಯಿತು. ಮೂರನೆಯ ತಿಂಗಳಿಗೆ ಕಚೇರಿಯಲ್ಲಿ ಕೆಲಸ ಹೆಚ್ಚಾಗಿ ನಾನು ಹೋಗುವುದು ನಿಂತಿತು. ಅವನು ಒಬ್ಬನೇ ಹೋಗಿ ಎಂಟಕ್ಕೆ ಮನೆಗೆ ಬರುತ್ತಿದ್ದ. ಹಸಿದು ಬರುತ್ತಿದ್ದ, ರೊಟ್ಟಿ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದ, ಮಗಳಿಗೆ ಫೋನ್ ಮಾಡುತ್ತಿದ್ದ. ಗಲ್ಲದಲ್ಲಿ ಮಾಂಸ ತುಂಬಿತು. ನನ್ನ ಉಪಾಯ ಕೆಲಸ ಮಾಡಿತು ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಐದು ತಿಂಗಳು ಕಳೆದಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವನ ಕೈಯಿಂದ ಮೀನಿನ ವಾಸನೆ ಬಂತು. ಕೇಳಿದರೆ ಕೆರೆಯ ನೀರಿನದು ಅಂದ. ಅವನು ಮಲಗಿದ ಮೇಲೆ ಚೀಲ ತೆಗೆದು ನೋಡಿದೆ. ಬೆಂಡಿನ ಒಂದು ತುಂಡಿಗೆ ಕೊಕ್ಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಚುಚ್ಚಿಟ್ಟಿದ್ದ. ಒಂದೊಂದರ ಮುಳ್ಳನ್ನೂ, ಮೀನಿನ ಬಾಯೊಳಗೆ ಸಿಕ್ಕಿಕೊಳ್ಳದ ಹಾಗೆ, ಅರದಿಂದ ತಿಕ್ಕಿ ನುಣ್ಣಗೆ ಮಾಡಿದ್ದ. ನನ್ನ ಮಣಿ ಎಲ್ಲೂ ಇರಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಕೆರೆಗೆ ಹೋದೆ. ಗಿಡದ ಮರೆಯಲ್ಲಿ ನಿಂತೆ. ಬೆಂಡು ಮುಳುಗಿತು, ಅವನು ಎತ್ತಿದ, ರಾಡು ಬಿಲ್ಲಿನಂತೆ ಬಾಗಿತು. ಮುದುಕರು ಎದ್ದು ನಿಂತು ಏನೋ ಕೂಗಿದರು. ಅಂಗೈ ಅಗಲದ ಮೀನನ್ನು ದಂಡೆಗೆ ತಂದು, ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟ. ಅದು ಹೋದ ದಿಕ್ಕಿಗೆ ನೋಡಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನೋಡಿ ಹತ್ತು ವರ್ಷವಾಗಿತ್ತು. ನೋಡಿ ನನಗೆ ಸಂತೋಷವಾಗಬೇಕಿತ್ತು. ಮೈ ಉರಿದುಹೋಯಿತು. ನಾನು ಕೊಟ್ಟದ್ದನ್ನು ಬಿಸಾಡಿ, ನಾನು ಬೇಡ ಎಂದದ್ದರಲ್ಲಿ ಇವನು ಸುಖವಾಗಿದ್ದಾನಲ್ಲ ಎಂಬ ಉರಿ ಅದು. ಆಗ ಅದಕ್ಕೆ ಧರ್ಮ ಎಂದು ಹೆಸರಿಟ್ಟುಕೊಂಡೆ.

ಎಲ್ಲರೆದುರಿಗೆ ಹೋಗಿ ರಾಡು ಕಸಿದುಕೊಂಡೆ. ಅವನು ಗಾಬರಿಯಾದ.

"ಅಕ್ಕಾ, ಒಂದೂ ಸಾಯ್ಸಿಲ್ಲ. ಎಲ್ಲಾ ಬಿಟ್ಟೇ ಬಿಡ್ತೀನಿ. ಕುಡದೂ ಇಲ್ಲ. ಬೇಕಾರ ಬಾಯಿ ವಾಸನಿ ನೋಡು."

ನಲವತ್ತೊಂದು ವರ್ಷದ ಗಂಡಸು, ದಂಡೆಯ ಮೇಲೆ ಅಷ್ಟು ಜನರ ನಡುವೆ, ನನ್ನ ಮುಂದೆ ಬಾಯಿ ತೆರೆದು ನಿಂತ. ನಾನು ಬಗ್ಗಿ ಮೂಸಿ ನೋಡಿದೆ. ಚಹಾದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಇದರಾಗ ಸುಳ್ಳು ಹೇಳಿದವ ಅದರಾಗ ಹೇಳಂಗಿಲ್ಲಂತ ನಾ ಹ್ಯಾಂಗ ನಂಬಲಿ?" ಅಂದೆ.

ಅವನು ಬಾಯಿ ಮುಚ್ಚಿದ. ಆಟೋದಲ್ಲಿ ಮನೆಗೆ ಕರೆತಂದೆ. ರಾಡು, ರೀಲು, ಚೀಲ ಎಲ್ಲವನ್ನೂ ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ಅದೇ ಸಂಜೆ ಬೀದರಿಗೆ ಫೋನ್ ಮಾಡಿ, ಆರು ತಿಂಗಳು ತುಂಬಿದರೂ ಬರಬೇಡ, ನನಗೆ ಅವನ ಮೇಲೆ ನಂಬಿಕೆಯಿಲ್ಲ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಆಮೇಲಿನ ಸಂಜೆಗಳಲ್ಲಿ ಅವನು ಬಾಲ್ಕನಿಯಲ್ಲಿ ಕೂತು ಮೆಟ್ರೋ ಹೋಗಿ ಬರುವುದನ್ನು ನೋಡುತ್ತಿದ್ದ. ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಿರುತ್ತಿದ್ದ. ಬೈದಿದ್ದರೆ, ಬೀಗ ಒಡೆದಿದ್ದರೆ ಚೆನ್ನಾಗಿತ್ತು. ಮೂರನೆಯ ವಾರ ಕುಡಿದು ಬಂದ. ನೋಡು, ನಾನು ಹೇಳಲಿಲ್ಲವೇ ಎಂದು ನನಗೇ ನಾನು ಹೇಳಿಕೊಂಡದ್ದು ಇವತ್ತಿಗೂ ನೆನಪಿದೆ. ಮತ್ತೆ ಕೇಂದ್ರಕ್ಕೆ ಹೋಗಲು ಒಪ್ಪಲಿಲ್ಲ. ಮುಂದಿನ ಮಳೆಗಾಲದೊಳಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿ ಹೋಗಿಬಿಟ್ಟ.

ಊರಲ್ಲೇ ಮಣ್ಣು ಮಾಡಿದೆವು. ಜನ ಚದುರಿದ ಮೇಲೆ ಅವನ ಹೆಂಡತಿ ಬಂದು ಮನೆಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಅಳುತ್ತಿರಲಿಲ್ಲ. ಬಹಳ ಹೊತ್ತು ಸೀರೆಯ ಸೆರಗು ಮಡಚಿ ಬಿಚ್ಚಿ ಮಾಡಿದಳು.

"ಖರೇ ಹೇಳ್ರಿ ಅಕ್ಕಾರ. ಆವತ್ತು ನೀವು ಬರಬ್ಯಾಡ ಅಂತ ಫೋನ್ ಮಾಡಿದಾಗ, ಅವರು ಕುಡೀತಿದ್ರೇನು?"

ಇಲ್ಲ ಎಂದರೆ ಸಾಕಿತ್ತು. ಐದು ತಿಂಗಳು ಅವನು ಒಂದು ಹನಿ ಮುಟ್ಟಿರಲಿಲ್ಲ, ಇನ್ನೊಂದು ತಿಂಗಳಿಗೆ ನೀನು ಬಂದು ಸಂಸಾರ ಮಾಡಬಹುದಿತ್ತು, ತಡೆದವಳು ನಾನು ಎಂದು ಅವಳಿಗೆ ತಿಳಿಯುತ್ತಿತ್ತು. ಆ ಮುಖವನ್ನು ನೋಡಿದೆ.

"ಹೂಂ ಅವ್ವಾ, ಕುಡೀತಿದ್ದ," ಅಂದೆ.

"ಹಂಗಾರ ನಾ ಬಂದಿದ್ರೂ ಅಷ್ಟ," ಎಂದು ಅವಳು ಉಸಿರು ಬಿಟ್ಟು, ಎದ್ದು ಒಳಗೆ ಹೋದಳು.

ಅವಳ ಸಮಾಧಾನಕ್ಕೆ ಹಾಗೆ ಹೇಳಿದೆ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹಾಗಲ್ಲ, ನನ್ನ ಮುಖ ಉಳಿಸಿಕೊಳ್ಳಲು ಹೇಳಿದ್ದು. ಇಡೀ ಬದುಕಿನಲ್ಲಿ ನನ್ನ ತಮ್ಮ ತಾನಾಗಿ ಗಳಿಸಿದ್ದು ಕುಡಿಯದೆ ಇದ್ದ ಆ ಐದು ತಿಂಗಳು. ಅದು ಕೂಡ ಅವನ ಹೆಂಡತಿ ಮಗಳಿಗೆ ಸಿಗದ ಹಾಗೆ ಮಾಡಿದೆ.